ಮೋತಿಯ ಕೆರೆತ, ನಿಮ್ಮ ಕೌದಿ

ರೀ,

ನಿಮ್ಮ ಅವ್ವಾರನ್ನ ಕರಕೊಂಡು ಬರಾಕ ಕಮಲಾಪುರಕ್ಕ ಹೊಂಟೀನಿ, ಸಂಜಿಗೆ ಬರ್ತೀವಿ. ಅಷ್ಟ್ರಾಗ ನಾಯಿಗೆ ಕಜ್ಜಿ ಅಂತ ಮೋತಿನ್ನ ನಂದೂರ ಬ್ಯಾಳಿ ಮಿಲ್ಲಿಗೆ ಬಿಟ್ಟು ಬಂದೀರಿ, ಜ್ವಾಕಿ!

ಅದಕ್ಕ ಆಗಿದ್ದು ಕಜ್ಜಿ ಅಲ್ಲ. ನಿನ್ನೆ ದನದ ದವಾಖಾನಿ ಡಾಕ್ಟರು ಅದರ ಬಾಲದ ಬುಡಾ ಬಾಚಿ, ಉದುರಿದ ಕರೇ ಪುಡಿ ಹಸಿ ಅರಿವಿ ಮ್ಯಾಲ ಇಟ್ರು; ಕೆಂಪಗಾಯ್ತು. ಅದು ಚಿಗಟದ ಹಿಕ್ಕಿ, ಕುಡಿದ ರಕ್ತ ಅಂತ. ಮೋತಿಗೆ ಚಿಗಟದ ಎಂಜಲಾ ಆಗಿಬರಂಗಿಲ್ಲ, ಒಂದು ಕಡಿದ್ರೂ ಮೈಯೆಲ್ಲ ಕೆರಕೋತದ.

ಮತ್ತ ಚಿಮಣಿ ಎಣ್ಣಿ ಹಚ್ಚಬ್ಯಾಡ್ರಿ, ನೀವು ಹಚ್ಚಿದ್ದಕ್ಕೇ ಚರ್ಮ ಸುಟ್ಟದ. ಔಷಧ ನಾ ಹಚ್ಚೀನಿ, ನೆಕ್ಕಲಾರದಂಗ ನೋಡ್ಕೋರಿ. ಮೂಲಿ ಮೂಲಿ ಕಸಾ ಹೊಡೀರಿ, ಚಿಗಟದ ತತ್ತಿ ಅಲ್ಲೇ ಇರ್ತಾವಂತ. ಹಾಸಿಗಿ ಕುದಿಯೋ ನೀರಾಗ ಅದ್ದಿ ಬಿಸಲಿಗೆ ಹಾಕ್ರಿ. ವಾರಾ ವಾರಾ ಹಿಂಗ ಮಾಡಿದ್ರ ಉದುರಿದ ಕೂದಲ ತಿರುಗಿ ಬರ್ತಾವ ಅಂದಾರ.

ಮೊದಲ ನಿಮ್ಮ ಕೌದಿ ಕುದಸ್ರಿ. ನಿಮ್ಮ ಕಾಲು ಕಡಿದದ್ದೂ ಸೊಳ್ಳಿ ಅಲ್ಲ. "ಅವ್ವ ಬರೋದ್ರಾಗ ಈ ನಾಯಿ ಮನಿ ಬಿಟ್ಟು ಹೋಗ್ಬೇಕು" ಅಂತ ಹಗಲೆಲ್ಲ ಒದರ್ತೀರಿ. ನಿಮ್ಮ ಕೌದಿ ಒಳಗ ಅದರ ಬಿಳೇ ಕೂದಲ ಹೆಂಗ ಬಂದಾವ್ರಿ?

ನಾ ಯಾರಿಗೂ ಹೇಳಂಗಿಲ್ಲ. ಕೌದಿ ಒಣಗಿದ ಮ್ಯಾಲ ಇಬ್ಬರೂ ಆರಾಮ ಮಲಕೋರಿ.

ಜಯದೇವಿ