ಅಮ್ಮನ ಕೌದಿಯೊಳಗಿನ ಕಾಗದಗಳು

ಕನೆಕ್ಟಿಕಟ್
ಸೋಮವಾರ, 14 ಅಕ್ಟೋಬರ್ 1816

ನನ್ನನ್ನು ಎರಡು ಸಲ ಬಾವಿಯಿಂದಲೂ ಲೆಕ್ಕವಿಲ್ಲದಷ್ಟು ಸಲ ಅಮ್ಮನ ಬೆತ್ತದಿಂದಲೂ ಕಾಪಾಡಿದ ಹಾರ್ಟ್‌ಫರ್ಡಿನ ಲೋಯಿಸ್ ಅಕ್ಕನ ಸನ್ನಿಧಿಗೆ, ತಂಗಿ ಕೆಜಾಯಾಳ ಅತಿ ಗಂಭೀರ ವಂದನೆಗಳು.

ನಗಬೇಡ. ಹೋದ ವರ್ಷ ಕೊಟ್ಟಿಗೆಗೆ ಬೆಂಕಿ ಬಿತ್ತೆಂದು ಬರೆದು ನಿನ್ನನ್ನು ಓಡಿಬರುವಂತೆ ಮಾಡಿದ್ದು ತಮಾಷೆ. ಇದು ಅಲ್ಲ.

ಗುರುವಾರ ನಮ್ಮ ಚರ್ಚಿನ ಹಿರಿಯ, ಡೀಕನ್ ಅಸಾಹೆಲ್ ಅವರೊಂದಿಗೆ ಅಮ್ಮನ ಮದುವೆಯಷ್ಟೆ. ಊರಿಗೆಲ್ಲ ಕೌದಿ ಹೊಲಿದುಕೊಟ್ಟವಳು ಮೊದಲ ಸಲ ತನಗೆಂದೇ ಒಂದು ಹೊಲಿದಿದ್ದಾಳೆ. ಎಲ್ಲವೂ ಆರು ಮೂಲೆಯ ತುಂಡುಗಳು. ಒಂದೊಂದು ಬಟ್ಟೆಯನ್ನೂ ಹಳೆಯ ಕಾಗದದ ತುಂಡಿನ ಮೇಲೆ ಮಡಚಿ, ದಾರ ಹಾಕಿ, ಆಮೇಲೆ ಜೋಡಿಸಿ ಹೊಲಿದದ್ದು. ಕೊನೆಯಲ್ಲಿ ಕಾಗದ ಕೀಳುವ ಕೆಲಸ ನನ್ನ ಪಾಲಿಗೆ ಬಂತು. ಕೀಳುವ ಬದಲು ಒಂದೊಂದರ ಮೇಲೂ ಡೀಕನರ ಮೂಗು ಬಿಡಿಸಿ ಒಳಗೇ ಬಿಡುವ ಪುಣ್ಯಕಾರ್ಯಕ್ಕೆ ಕುಳಿತೆ.

ಮೊದಲ ತುಂಡಿನ ಮೇಲೆಯೇ ಅಪ್ಪನ ಕೈಬರಹ.

ಅಪ್ಪ ಜಮೀನು ನೋಡಲು ಓಹಾಯೋಗೆ ಹೋದದ್ದು, 1811ರಲ್ಲಿ ಜ್ವರ ಬಂದು ತೀರಿಕೊಂಡರೆಂದು ಕಾಗದ ಬಂದದ್ದು, ನಾವು ಕಪ್ಪು ಉಟ್ಟದ್ದು ನಿನಗೆ ಗೊತ್ತು. ನಾನು ತುಂಡುಗಳನ್ನೆಲ್ಲ ಕಿತ್ತು ನೆಲದ ಮೇಲೆ ಹರಡಿ ಜೋಡಿಸಿದೆ. ತಾರೀಖು ಮೇ 1812. ಸತ್ತವರು ಅಮ್ಮನಿಗೆ ಬರೆದಿದ್ದಾರೆ: 'ಮನೆ ಎದ್ದಿದೆ, ಎರಡು ಕೋಣೆ. ನಾಲ್ಕು ಕಾಗದಕ್ಕೂ ನಿನ್ನ ಉತ್ತರವಿಲ್ಲ, ಮೆಹಿಟಬೆಲ್. ಹುಡುಗಿಯರನ್ನಾದರೂ ಕಳಿಸು. ಇನ್ನು ನಾನು ಬರೆಯುವುದಿಲ್ಲ.'

ಮಧ್ಯಾಹ್ನ ಡೀಕನ್ ಊಟಕ್ಕೆ ಬಂದಿದ್ದರು. "ಕೌದಿ ಬೆಚ್ಚಗಿರುತ್ತೇನು?" ಎಂದು ಕೇಳಿದರು. "ನಿಮ್ಮ ಉಪದೇಶಕ್ಕಿಂತ ಬೆಚ್ಚಗಿರುತ್ತೆ, ಸುಮ್ನೆ ತಿನ್ನಿ" ಎಂದು ಅಮ್ಮ ನಕ್ಕಳು. ಬದುಕಿದ್ದವನನ್ನು ಹೂತವಳು ಹೀಗೆ ನಗಬಹುದೇ?

ಬಾಯಿಬಿಟ್ಟರೆ ಅಮ್ಮನ ಮಾನ ಬೀದಿಗೆ ಬರುತ್ತದೆ. ಸುಮ್ಮನಿದ್ದರೆ ಗಂಡನಿದ್ದೂ ಅವಳು ಇನ್ನೊಬ್ಬರ ಕೈಹಿಡಿಯುತ್ತಾಳೆ. ನಮ್ಮ ಮನೆಯಲ್ಲಿ ಬುದ್ಧಿ ಇದ್ದವಳು ನೀನೊಬ್ಬಳೇ. ಏನು ಮಾಡಲಿ, ಹೇಳು.

ನಿನ್ನ ಕಂಗಾಲು ತಂಗಿ,
ಕೆಜಾಯಾ

ಮರೆತ ಮಾತು: ಕಾಗದ ಮುಚ್ಚುವ ಮೊದಲು ತಡೆಯಲಾರದೆ ಒಂದು ತುಂಡನ್ನು ಅಮ್ಮನ ಮುಂದೆ ಹಿಡಿದು, ಇದೇನೆಂದು ಕೇಳಿದೆ. ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ. "ಅದಾ? ಓಹಾಯೋ ಜಮೀನು ಕಂಪನಿಯೋರ ಜಾಹೀರಾತು ಕಣೇ. ಬೈಬಲ್ಲಿನ ಅಚ್ಚಾದ್ರೆ ಓದ್ತೀನಿ, ಕೈಬರಹ ನಂಗೆಲ್ಲಿ ಬರುತ್ತೆ? ನಮ್ಮ ಕಾಲದ ಹುಡುಗೀರಿಗೆ ಅದನ್ನ ಯಾರು ಕಲಿಸಿದ್ರು? ಬಂದಿದ್ದೆಲ್ಲಾ ಲೋಯಿಸೇ ಓದಿ ಹೇಳ್ತಿದ್ಲು. ಗಟ್ಟಿ ಕಾಗದ ಅಮ್ಮಾ, ಕೌದಿಗಾಗುತ್ತೆ, ಕತ್ತರಿಸಿಬಿಡು ಅಂದೋಳೂ ಅವಳೇ."

ಜ್ವರದ ಸುದ್ದಿ ಓದಿದವಳೂ ನೀನೇ, ಅಕ್ಕ. ಆಗ ಹಾರ್ಟ್‌ಫರ್ಡಿನವರೊಂದಿಗೆ ನಿನ್ನ ಮದುವೆಯ ಮಾತು ನಡೆದಿತ್ತು; ನಾವೆಲ್ಲ ಓಹಾಯೋಗೆ ಹೊರಟಿದ್ದರೆ ಅದು ಮುರಿದುಬೀಳುತ್ತಿತ್ತು.

ಬುಧವಾರ ಸಂಜೆಯೊಳಗೆ ಬಾ. ಅಮ್ಮನಿಗೆ ಅಪ್ಪನ ಈ ಕಾಗದವನ್ನೂ ನೀನೇ ಓದಿ ಹೇಳಬೇಕು. ನಾನು ಪಕ್ಕದಲ್ಲೇ ಕುಳಿತು ಕೇಳುತ್ತೇನೆ. ನನಗೆ ಕೈಬರಹ ಬರುತ್ತದೆ.