ತಲೆಕೆಳಗಿನ ರಾಜ

ಇಂಗೋಲ್‌ಸ್ಟಾಟ್, ಜರ್ಮನಿ,
ಅಕ್ಟೋಬರ್ ೧೪, ೨೦೦೨

ನನ್ನ ಮುದ್ದಿನ ಆಯಿ,

ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀಯೋ, ಇಲ್ಲ ಹಟ ಮಾಡುತ್ತಿದ್ದೀಯೋ? ನಾನಂತೂ ಇಲ್ಲಿ ತುಂಬಾ ತುಂಬಾ ಸುಖವಾಗಿದ್ದೇನೆ. ರಜೆಯ ದಿನ ಇವರೇ ಚಹಾ ಮಾಡಿ ಹಾಸಿಗೆಗೆ ತಂದುಕೊಡುತ್ತಾರೆ ಎಂದರೆ ನಂಬುತ್ತೀಯಾ? ನನ್ನ ಕನ್ನಡ ಅಕ್ಷರ ನೋಡಿ ಮಾತ್ರ ನಗಬೇಡ, ಕಾನ್ವೆಂಟಿನಲ್ಲಿ ಕಲಿತವಳು ನಾನು.

ಮದುವೆಯಲ್ಲಿ ನಿನ್ನ ಸರದಿಂದ ಬಿಚ್ಚಿ ನನಗೆ ಕೊಟ್ಟೆಯಲ್ಲ, ಆ ಬಂಗಾರದ ನಾಣ್ಯ ರೋಮನ್ನರ ಕಾಲದ್ದಂತೆ! ಇವರ ಆಫೀಸಿನಲ್ಲಿ ಹಳೆಯ ನಾಣ್ಯ ಕೂಡಿಹಾಕುವ ಒಬ್ಬ ಜರ್ಮನ್ ಇದ್ದಾನೆ. ಊಟಕ್ಕೆ ಬಂದಾಗ ಭೂತಗನ್ನಡಿ ಹಿಡಿದು ತೋರಿಸಿದ. ಉಗುರಿನಷ್ಟು ಜಾಗದಲ್ಲಿ ರಾಜನ ಮುಖ: ಎಲೆಯ ಕಿರೀಟ, ಕತ್ತಿನ ಹಿಂದೆ ಜೋತುಬಿದ್ದ ಅದರ ದಾರ, ಗದ್ದದ ಕೆಳಗಿನ ಮಾಂಸ ಕೂಡ. ಕೆತ್ತಿದವನಿಗೆ ರಾಜನ ಹೆದರಿಕೆಯೇ ಇರಲಿಲ್ಲ! ಹಿಂಬದಿಯಲ್ಲಿ ಕುರ್ಚಿಯ ಮೇಲೆ ಕೂತವಳ ಬಟ್ಟೆಯ ನೆರಿಗೆ ಎಣಿಸಬಹುದು. ನೀನು ಲಕ್ಷ್ಮಿ ಎಂದು ಕುಂಕುಮ ಹಚ್ಚುವವಳು ಅವರ ಶಾಂತಿದೇವಿಯಂತೆ. ಇರಲಿ, ನಮಗವಳು ಲಕ್ಷ್ಮಿಯೇ.

"ಸ್ವಚ್ಛ ಮಾಡಿಸಿ ತರತೇನಿ" ಎಂದು ಇವರು ಅದನ್ನು ಅವನ ಹತ್ತಿರ ಒಯ್ದರು. ಎಂಟು ದಿನಕ್ಕೆ ಫಳಫಳ ಹೊಳೆಯುತ್ತಾ ಬಂತು. ಕೊರಳಿಗೆ ಹಾಕಿಕೊಂಡು ಕನ್ನಡಿಯ ಮುಂದೆ ಕುಣಿದೆ. ತೂತು ಅದೇ ಜಾಗದಲ್ಲಿದೆ, ಲಕ್ಷ್ಮಿಯ ತಲೆಯ ಮೇಲೆ. ಸುಮ್ಮನೆ ಹಿಂದೆ ತಿರುಗಿಸಿದರೆ, ರಾಜನೂ ನೆಟ್ಟಗಿದ್ದಾನೆ! ನಮ್ಮ ನಾಣ್ಯದಲ್ಲಿ ಅವನು ತಲೆಕೆಳಗಲ್ಲವೇ? "ಆಕಿ ಕುಂತ್ರ ಅಂವ ತಲಿಕೆಳಗ ಇರಬೇಕವಾ, ಅಂದ್ರನ ಮನಿ ನೆಟ್ಟಗಿರತದ" ಎಂದು ಮದುವೆಯ ದಿನ ನೀನು ಬೀಗರನ್ನೆಲ್ಲ ನಗಿಸಿದ್ದೆ. ರೋಮನ್ನರ ಕಾಲದಲ್ಲಿ ಕೈಯಲ್ಲೇ ಸುತ್ತಿಗೆಯಿಂದ ಅಚ್ಚು ಹೊಡೆಯುತ್ತಿದ್ದರು, ಎರಡೂ ಮುಖ ಒಂದೇ ದಿಕ್ಕಿಗೆ ಬರಬೇಕೆಂದೇನಿಲ್ಲ ಎಂದು ಆ ಜರ್ಮನ್‌ನೇ ಹೇಳಿದ್ದ. ತೊಳೆದರೆ ಕುಂಕುಮ ಹೋಗಬಹುದು. ರಾಜ ಎದ್ದು ನಿಲ್ಲುತ್ತಾನೆಯೇ?

ಮೊದಲು ಆ ಜರ್ಮನ್‌ನೇ ನಾಣ್ಯ ಬದಲಿಸಿದನೇನೋ ಎಂದು ಅನುಮಾನ ಬಂತು. ಇವರಿಗೆ ಹೇಳಿದೆ. ಇವರು ನಾಣ್ಯದ ಕಡೆ ನೋಡಲೂ ಇಲ್ಲ, "ಹುಚ್ಚಿ, ನಿನಗ ನೆನಪಿಲ್ಲ" ಎಂದು ನಕ್ಕರು. ನಕ್ಕರೆ ಎಷ್ಟು ಚೆಂದ ಕಾಣುತ್ತಾರೆ ಗೊತ್ತಾ! ಆದರೆ ಎದ್ದು ಹೋಗಿ ಟಿವಿಯ ಸದ್ದು ಜೋರು ಮಾಡಿದರು. ನಿನ್ನೆ, ನಿನ್ನ ಸರದಲ್ಲಿ ಉಳಿದ ನಾಲ್ಕು ನಾಣ್ಯಗಳನ್ನೂ ಕೇಳಿ ಬರೆ ಎಂದರು. ಇವರ ಗೆಳೆಯ ಬಸಲಿಂಗಯ್ಯ ಊರಲ್ಲಿ ದೀಪಾವಳಿ ಮುಗಿಸಿ ಬರುವಾಗ ತರುತ್ತಾರಂತೆ. ಕೇಳಿದ್ದೇನೆ ನೋಡು. ಮದುವೆಯಾಗಿ ಇನ್ನೂ ನಾಲ್ಕು ತಿಂಗಳು, ಆಯಿ.

ಅವ್ವನಿಗೂ ಅಪ್ಪನಿಗೂ ನಾನು ಆರಾಮ ಎಂದಷ್ಟೇ ಹೇಳು. ನಿನ್ನ ಕಾಲಿಗೆ ಹಣೆ ಮುಟ್ಟಿಸಿ,

ನಿನ್ನ ಮೊಮ್ಮಗಳು
ಪವಿ

ತಾ.ಕ.: ಪೋಸ್ಟ್ ಆಫೀಸಿನಲ್ಲಿ ನಿಂತು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಸರವನ್ನು ಯಾರಿಗೂ ಕೊಡಬೇಡ. ಪ್ರತಿ ಶನಿವಾರದ ಫೋನಿನಲ್ಲಿ ನಾನೇ ಕೇಳಿದರೂ ಕೊಡಬೇಡ. ಆಗ ಇವರು ನನ್ನ ಪಕ್ಕದಲ್ಲೇ ನಿಂತಿರುತ್ತಾರೆ.