ಹೊಲಿಯದೆ ಬಿಟ್ಟ ಮೂಲೆ

ಚಂದನಾ,

ಹರಪನಹಳ್ಳಿ ಬಸ್ಸಿಗೆ ಹೊರಟೆ. ನಿನ್ನನ್ನು ಎಬ್ಬಿಸಲಿಲ್ಲ, ಎಬ್ಬಿಸಿದ್ದರೆ ಇದನ್ನು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು.

ಹಳೇ ಬಟ್ಟೆ ಸೇರಿಸಿ ನಾನು ಹೊಲಿದ ಕೌದಿ, ಪೆಟ್ಟಿಗೆಯ ಮೇಲಿದೆ. ಸಣ್ಣತ್ತೆ ಎದ್ದ ಮೇಲೆ ಅವಳ ತೊಡೆಯ ಮೇಲೆ ಬಿಡಿಸಿ ಹಾಕು. ಸುತ್ತಲಿನ ಹಸಿರು ಚೌಕಗಳು ತೀರಿಹೋದ ದೊಡ್ಡತ್ತೆಯ ಸೀರೆಯವು. ಸಂತೆಯಿಂದ ನಮಗೆ ಮಂಡಕ್ಕಿ ಕಟ್ಟಿಕೊಂಡು ಬರುತ್ತಿದ್ದ ಸೆರಗು. ಅದನ್ನು ನೀನೇ ಹೇಳು, ಸಣ್ಣತ್ತೆಗೆ ಕಣ್ಣು ಮಂಜು.

ನಡುವಿನ ನಾಲ್ಕು ಮಾಸಿದ ಚೌಕಗಳ ಬಗ್ಗೆ ನೀನಾಗಿ ಏನೂ ಹೇಳಬೇಡ. ಬೆರಳು ತಾಗಿದರೆ ತನ್ನದೇ ಹೊಲಿಗೆಯೆಂದು ಅವಳಿಗೆ ಗೊತ್ತಾಗುತ್ತದೆ. ನಾನು ಹಾಸ್ಟೆಲ್ ಸೇರುವಾಗ ಇಬ್ಬರು ಅತ್ತೆಯರೂ ಹೊಲಿದುಕೊಟ್ಟ ಕೌದಿಯವು. ಅದು ಕಳುವಾಯಿತೆಂದು ಹೇಳಿದ್ದೆ. "ಯಾವಾಕಿ ಒಯ್ದಾಳೋ, ಆಕಿಗೆ ನಿದ್ದಿ ಹತ್ತಬಾರ್ದು" ಎಂದು ಅತ್ತೆ ಇವತ್ತಿಗೂ ಶಪಿಸುತ್ತಾಳೆ. ಕಳುವಾಗಿರಲಿಲ್ಲ. ಹುಡುಗಿಯರು ನಕ್ಕರೆಂದು ನಾನೇ ಅದನ್ನು ಬಾಗಿಲಲ್ಲಿ ಕಾಲೊರೆಸಲು ಹಾಕಿದ್ದೆ. ಅದರಲ್ಲಿ ಉಳಿದದ್ದು ಈ ನಾಲ್ಕು ಚೌಕಗಳಷ್ಟೇ. ಶಾಪಗೀಪ ನಂಬುವವಳಲ್ಲ ನಾನು. ಆದರೂ ನಿದ್ದೆ ಹತ್ತುತ್ತಿಲ್ಲ.

ಅತ್ತೆ ಕೇಳಿದರೆ ಸುಳ್ಳು ಪೋಣಿಸಬೇಡ. ಈ ಚೀಟಿಯನ್ನೇ ಓದಿ ಹೇಳು.

ಒಂದು ಮೂಲೆ ಹೊಲಿಯದೆ ಬಿಟ್ಟಿದ್ದೇನೆ. "ಕೌದಿ ಹಸ್ಕೊಂಡಿರಬಾರ್ದವ್ವಾ" ಅಂತ ಅಲ್ಲಿ ಒಂದು ಚೂರು ರೊಟ್ಟಿ ಇಟ್ಟೇ ಅತ್ತೆ ಮುಚ್ಚುವುದು. ರೊಟ್ಟಿ, ದಾರ ಪೋಣಿಸಿದ ಸೂಜಿ ಎರಡನ್ನೂ ಅವಳ ಪಕ್ಕದಲ್ಲಿಡು. ಅವಳು ಹೊಲಿದರೆ ನನಗೆ ಫೋನ್ ಮಾಡು. ಹೊಲಿಯದಿದ್ದರೆ ಹಾಗೆಯೇ ಮಡಚಿಡು. ನೀನು ಹೊಲಿಯಬೇಡ.

ರೋಜಾ